ಅಂಚು ಕತ್ತರಿಸಿದ ಪುಸ್ತಕ

ಪುಟ ನಲವತ್ತೇಳರ ಬಲ ಅಂಚಿನಲ್ಲಿ ಪೆನ್ಸಿಲಿನ ಗೆರೆಯೊಂದು ಕಾಗದದ ತುದಿಗೆ ಬಂದು ನಿಂತಿದೆ. ಗೆರೆ ಮುಗಿದಿಲ್ಲ, ಕಾಗದ ಮುಗಿದಿದೆ.

ಕಳೆದ ಶನಿವಾರ ಯಲ್ಲಾಪುರದಿಂದ ಶಿರಸಿಗೆ ಬಂದವಳು ಅಮ್ಮನ ಕಪಾಟಿನ ಧೂಳು ಹೊಡೆಯುತ್ತಿದ್ದಾಗ ಈ ಪುಸ್ತಕ ಕೈಗೆ ಬಂತು. ಬೂದುಬಣ್ಣದ ಕ್ಯಾಲಿಕೋ ಬಟ್ಟೆಯ ಹೊದಿಕೆ. ತೆರೆದರೆ ಹಳೆಯ ಮೈದಾ ಅಂಟಿನ ವಾಸನೆ. ಹೊಲಿಗೆಯ ಹತ್ತಿರ ಮೈಲುತುತ್ತಿನ ತೆಳು ನೀಲಿ ಇನ್ನೂ ಉಳಿದಿತ್ತು. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತು ಬೆರೆಸುತ್ತಿದ್ದವರು ಬೈಂಡಿಂಗ್ ಚಾಚಾ. ಅವರ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದು ನನಗೆ ನೆನಪಿಲ್ಲ. ಶಿರಸಿಯ ಹಳೆ ಪೇಟೆಯ ಓಣಿಯೊಂದರಲ್ಲಿ ಅವರ ಅಂಗಡಿ ಇತ್ತು. ಒಂದು ಕತ್ತರಿಸುವ ಯಂತ್ರ, ಒಂದು ಹೊಲಿಗೆಯ ಚೌಕಟ್ಟು, ಅವರು ಕೂರುವ ಚಾಪೆ. ನಾಲ್ಕನೆಯ ವಸ್ತುವಿಗೆ ಅಲ್ಲಿ ಜಾಗವಿರಲಿಲ್ಲ.

ಅಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೊದಲು ಎಕ್ಕಂಬಿ, ಆಮೇಲೆ ದಾಸನಕೊಪ್ಪ. ದಿನವೂ ಬಸ್ಸು, ಬಸ್ಸಿನಲ್ಲಿ ಓದು. ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ಬ್ಲೇಡಿನಿಂದ ನಾಜೂಕಾಗಿ ಬಿಡಿಸಿ, ಒಂದರ ಮೇಲೊಂದು ಇಟ್ಟು, ಕಥೆ ಮುಗಿದ ಮೇಲೆ ಚಾಚಾನ ಹತ್ತಿರ ಒಯ್ದು ಪುಸ್ತಕ ಮಾಡಿಸುತ್ತಿದ್ದಳು. ಅಂಗಡಿಯಲ್ಲಿ ಸಿಗುವ ಪುಸ್ತಕಕ್ಕಿಂತ ವಾರವಾರವೂ ಕಾದು ಕೂಡಿಸಿದ ಪುಸ್ತಕ ಹೆಚ್ಚು ನಮ್ಮದು ಎಂದು ಅವಳ ನಂಬಿಕೆ. ನನಗೂ ಅದೇ ಅಂಟಿತು.

ಚಾಚಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಉರ್ದು ಮಾತ್ರ. ಆದರೆ ಕಥೆ ಕೇಳದೆ ಅವರು ರಟ್ಟು ಹಚ್ಚುತ್ತಿರಲಿಲ್ಲ. ‘ಕೊನೆಗೆ ಏನಾಯ್ತು ಅಕ್ಕೋರೆ?’ ಎಂದು ಕೇಳುವರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುವುದು. ಅವರ ಕಿವಿ ಮಂದವಾದ್ದರಿಂದ ಅಮ್ಮ ದನಿ ಏರಿಸಿ ಹೇಳಬೇಕಿತ್ತು. ಒಳ್ಳೆಯದಾಗಿ ಮುಗಿದರೆ ಹೊದಿಕೆಗೆ ಕೆಂಪು ಬಟ್ಟೆ, ಯಾರಾದರೂ ಸತ್ತರೆ ಕಡುಹಸಿರು. ‘ನಿಮ್ಮಿಂದಾಗಿ ಕಪಾಟು ನೋಡಿದವರಿಗೆಲ್ಲ ಕಥೆಯ ಕೊನೆ ಗೊತ್ತಾಗ್ತದೆ’ ಎಂದು ಅಮ್ಮ ದೂರಿದರೆ, ‘ಗೊತ್ತಾಗ್ಲಿ ಬಿಡ್ರಿ. ಅಳುವ ಪುಸ್ತಕ ಅಂತ ಮೊದಲೇ ತಿಳಿದ್ರೆ ಕರ್ಚೀಫು ಇಟ್ಕೊಂಡು ಕೂರ್ತಾರೆ’ ಎನ್ನುವರು.

ಅಮ್ಮ ಓದುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಮೊದಮೊದಲು ಎಲ್ಲಿ ಓದು ನಿಲ್ಲಿಸಿದಳೋ ಆ ಊರಿನ ಹೆಸರು, ಅಷ್ಟೇ. ಇಲ್ಲವೇ ‘ಸೀಟು ಬಿಟ್ಟುಕೊಟ್ಟೆ’ ಎಂದು. ನಾನು ಏಳನೇ ತರಗತಿಯಲ್ಲಿದ್ದಾಗ ಒಮ್ಮೆ ಅವಳು ‘ಈ ಗಂಡಸು ಸುಳ್ಳು ಹೇಳುತ್ತಿದ್ದಾನೆ’ ಎಂದು ಬರೆದದ್ದರ ಕೆಳಗೆ ನಾನು ‘ನನಗೆ ಹೋದ ವಾರವೇ ಗೊತ್ತಾಗಿತ್ತು’ ಎಂದು ಬರೆದೆ. ಮುಂದಿನ ವಾರದ ಹಾಳೆಯ ಅಂಚಿನಲ್ಲಿ ಉತ್ತರವಿತ್ತು: ‘ಜಾಣೆ. ಒಲೆಯ ಮೇಲೆ ಹಾಲು ಉಕ್ಕಿದ್ದು ಮಾತ್ರ ಗೊತ್ತಾಗುವುದಿಲ್ಲ.’

ನಾವಿಬ್ಬರೂ ಹೆಚ್ಚು ಮಾತಾಡುವವರಲ್ಲ. ಎದುರು ಕೂತರೆ ತರಕಾರಿ, ಬಸ್ಸು, ಸಮವಸ್ತ್ರದ ಇಸ್ತ್ರಿ, ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಅಂಚಿನಲ್ಲಿ. ನಾನು ದೊಡ್ಡವಳಾದದ್ದೂ, ಗೆಳತಿಯೊಬ್ಬಳು ಮಾತು ಬಿಟ್ಟದ್ದೂ, ಅಮ್ಮನಿಗೆ ಬಡ್ತಿ ತಪ್ಪಿದ್ದೂ ಯಾರ್ಯಾರದೋ ಕಥೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕೂತಿದ್ದವು...

ಬಿ.ಎ. ಕೊನೆಯ ವರ್ಷದಲ್ಲಿ ನನಗೆ ಎಂ.ಎ.ಗೆ ಧಾರವಾಡಕ್ಕೆ ಹೋಗಬೇಕೆನಿಸಿತು. ಅಪ್ಪನಿಗೆ ನನಗಾಗಿ ನೋಡಿದ ಒಂದು ಸಂಬಂಧ ಹಿಡಿಸಿತ್ತು. ಓದು ಸಾಕು ಎಂದು ಅವರು ಹೇಳಿರಲಿಲ್ಲ. ಬೇಕು ಎಂದೂ ಹೇಳಿರಲಿಲ್ಲ. ಅರ್ಜಿಗೆ ಹದಿನೈದು ದಿನ ಉಳಿದಿತ್ತು. ನಮ್ಮ ಮನೆಯಲ್ಲಿ ಅಮ್ಮ ಬಾಯಿಬಿಟ್ಟು ಹೇಳಿದರೆ ಅಪ್ಪ ಅದನ್ನು ಮೀರುತ್ತಿರಲಿಲ್ಲ. ಆದರೆ ಅವಳು ಬಾಯಿಬಿಡುವುದೇ ಅಪರೂಪ. ಆಗ ಬರುತ್ತಿದ್ದ ಧಾರಾವಾಹಿಯ ಕೊನೆಯದರ ಹಿಂದಿನ ಕಂತಿನ ಅಂಚಿನಲ್ಲಿ ಬರೆದೆ: ‘ನಾನು ಹೋಗಲೇ?’

ಕೊನೆಯ ಕಂತು ಬಂತು. ಅಮ್ಮ ಅದನ್ನು ಓದಿ, ಬಿಡಿಸಿ, ಕಟ್ಟಿನ ಮೇಲಿಟ್ಟು, ಚಿಕ್ಕಮ್ಮನ ಬಾಣಂತನಕ್ಕೆಂದು ನಾಲ್ಕು ದಿನ ಸಿದ್ದಾಪುರಕ್ಕೆ ಹೋದಳು. ಉತ್ತರ ಅಲ್ಲೇ ಇತ್ತು, ಕೈಗೆಟುಕುವಷ್ಟು ಹತ್ತಿರ. ನೋಡಲು ನನಗೆ ಧೈರ್ಯವಾಗಲಿಲ್ಲ. ಪುಸ್ತಕವಾಗಿ ಬಂದ ಮೇಲೆ ಮೊದಲಿನಿಂದ ಓದುತ್ತ ಹೋಗಿ ಅಲ್ಲಿಗೆ ತಲುಪುತ್ತೇನೆ, ಅಷ್ಟು ಹೊತ್ತಿಗೆ ಮನಸ್ಸು ಗಟ್ಟಿಯಾಗಿರುತ್ತದೆ ಎಂದುಕೊಂಡೆ. ಅಮ್ಮ ಬರುವಷ್ಟರಲ್ಲಿ ಕಟ್ಟಿಸಿಟ್ಟು ಬೆರಗುಗೊಳಿಸುವ ಆಸೆಯೂ ಇತ್ತು. ಹಾಳೆಗಳನ್ನು ಮಗುಚಿ ಹಾಕಿ, ದಾರ ಕಟ್ಟಿ ಒಯ್ದೆ.

ಚಾಚಾ ಕೊನೆಗೆ ಏನಾಯ್ತು ಎಂದರು. ಓದಿಲ್ಲ ಎಂದೆ. ಕೆಂಪು ಬಟ್ಟೆಯೋ ಹಸಿರೋ ತಿಳಿಯದೆ ತಲೆ ಕೆರೆದುಕೊಂಡು, ಬೂದು ಬಟ್ಟೆ ತೆಗೆದರು. ಆಮೇಲೆ ಕೇಳಿದರು, ‘ಮೂರೂ ಕಡೆ ಹೊಡೀಲಾ ಬೇಟಿ?’ ಹಾಗೆಂದರೇನು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಹೂಂ ಎಂದೆ.

ಲೆಕ್ಕದ ಪುಸ್ತಕಗಳನ್ನು ಕಟ್ಟಿದ ಮೇಲೆ ಮೂರು ಬದಿಗಳನ್ನೂ ಯಂತ್ರಕ್ಕೆ ಕೊಟ್ಟು ಒಂದು ಬೆರಳಷ್ಟು ಕತ್ತರಿಸಿ ನೇರ ಮಾಡುತ್ತಾರೆ. ನಮ್ಮ ಪುಸ್ತಕಗಳಿಗೆ ಹಾಗೆ ಮಾಡಬೇಡಿ ಎಂದು ಅಮ್ಮ ಪ್ರತಿ ಸಲವೂ ಹೇಳುತ್ತಿದ್ದಳಂತೆ. ಮೂರೂ ಕಡೆ ಹೊಡೆಯುವುದೆಂದರೆ ಏನೆಂದು ನನಗೆ ತಿಳಿದದ್ದು ಎರಡು ದಿನದ ಮೇಲೆ, ಬೂದು ಪುಸ್ತಕವನ್ನು ಮನೆಯಲ್ಲಿ ತೆರೆದಾಗ. ಅಂಚುಗಳು ಇಸ್ತ್ರಿ ಹಾಕಿದಂತೆ ನುಣ್ಣಗಿದ್ದವು. ಕೊನೆಯ ಕಂತಿಗೆ ಹೋದೆ. ಅಲ್ಲಿ ಏನೂ ಇರಲಿಲ್ಲ.

ಮಾರನೇ ದಿನ ಅಮ್ಮ ಬಂದಳು. ಚೀಲ ಇಳಿಸುವುದರೊಳಗೇ ಹೇಳಿಬಿಟ್ಟೆ.

‘ಅಮ್ಮಾ, ಅಂಚು ಹೋತು.’

‘ಎಂತ ಹೋತು?’ ಪುಸ್ತಕ ತೆಗೆದುಕೊಂಡು ಬೆರಳಾಡಿಸಿದಳು. ‘ಮೂರೂ ಬದಿನಾ? ಅವ್ರು ಕೇಳಿದ್ವಿಲ್ಯಾ?’

‘ಕೇಳಿದ್ರು. ಆನೇ ಹೂಂ ಹೇಳ್ದೆ’ ಎಂದು ತಪ್ಪನ್ನು ನನ್ನ ಮೇಲೆ ಹಾಕಿಕೊಂಡೆ.

ಅವಳು ಪುಸ್ತಕವನ್ನು ಕಪಾಟಿನಲ್ಲಿಟ್ಟು ಚೀಲ ಒಳಗೆ ಒಯ್ದಳು. ಉತ್ತರವೇನಿತ್ತು ಎಂದು ನಾನು ಕೇಳಲಿಲ್ಲ. ಬರೆದು ಕೇಳಿದ್ದನ್ನು ಬಾಯಲ್ಲಿ ಕೇಳುವುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅರ್ಜಿಗೆ ಮೂರು ದಿನ ಉಳಿದಿತ್ತು.

ಅದರ ಮರುದಿನ, ಶನಿವಾರ ಮಧ್ಯಾಹ್ನ ಚಾಚಾ ನಮ್ಮ ಮನೆಗೆ ಬಂದರು. ಅದೇ ಮೊದಲು, ಅದೇ ಕೊನೆ. ಹೆಗಲ ಮೇಲೆ ಗೋಣಿಚೀಲ. ಜಗಲಿಯ ಮೇಲೆ ಅದನ್ನು ಮಗುಚಿದರು. ಬೆರಳಗಲದ ಕಾಗದದ ಎಳೆಗಳ ರಾಶಿ. ಆ ವಾರ ಯಂತ್ರ ಕತ್ತರಿಸಿದ್ದೆಲ್ಲ ಅದರಲ್ಲಿತ್ತು, ಯಾರದೋ ಲೆಕ್ಕದ ಪುಸ್ತಕದ ಅಂಚು, ಹಳದಿ ಲಗ್ನಪತ್ರಿಕೆಯ ಅಂಚು...

‘ಗುಡಿಸುವಾಗ ನೋಡ್ದೆ ಅಕ್ಕೋರೆ. ಓದಕ್ಕೆ ಬರೂದಿಲ್ಲ, ಪೆನ್ಸಿಲ್ ಹೌದೋ ಅಲ್ಲೋ ಅಂತ ಗೊತ್ತಾಗ್ತದೆ. ತಪ್ಪಾಯ್ತು.’

‘ತಪ್ಪು ನಿಮ್ಮದಲ್ಲ’ ಎಂದಳು ಅಮ್ಮ.

‘ಅದೂ ಹೌದು ಅನ್ರಿ. ಇಷ್ಟಗಲ ಪುಸ್ತಕ ಬಿಟ್ಟು ನೀವು ಅಂಚಿಗೆ ಹೋಗಿ ಕೂತ್ರಿ. ಅತಿಕ್ರಮಣದ ಜಾಗ, ಇವತ್ತಲ್ಲ ನಾಳೆ ಬಿಡಿಸ್ಲೇಬೇಕಲ್ಲ!’

ಕಾಡಿನಂಚಿನ ಜಮೀನಿನ ತಕರಾರು ಪ್ರತಿ ಮನೆಯಲ್ಲೂ ಇರುವ ನಮ್ಮೂರಲ್ಲಿ ಈ ಮಾತಿಗೆ ನಗದವರಿಲ್ಲ. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಮೂವರೂ ರಾಶಿಯ ಸುತ್ತ ಕೂತೆವು. ಚಾಚಾ ಒಂದೊಂದೇ ಎಳೆಯನ್ನು ಬೆಳಕಿಗೆ ಹಿಡಿದು, ಪೆನ್ಸಿಲ್ ಕಂಡರೆ ಅಮ್ಮನ ಕಡೆಗೆ, ಇಲ್ಲದಿದ್ದರೆ ಚೀಲಕ್ಕೆ ಹಾಕುತ್ತಿದ್ದರು. ಗಂಟೆಗಟ್ಟಲೆ ಹೆಕ್ಕಿದೆವು. ‘ಸೀಟು’ ಸಿಕ್ಕಿತು, ‘ಬಿಟ್ಟುಕೊಟ್ಟೆ’ ಸಿಗಲಿಲ್ಲ. ನಾನು ಹುಡುಕುತ್ತಿದ್ದದ್ದೂ ಸಿಗಲಿಲ್ಲ. ನನ್ನ ಮುಖದಲ್ಲಿ ಅವರಿಗೇನು ಕಂಡಿತೋ, ಅಮ್ಮನನ್ನು ಕೇಳಿದರು:

‘ಹುಡುಗಿಗೆ ಬೇಕಾದ್ದು ಇನ್ನೂ ಸಿಕ್ಕಿಲ್ಲ. ಅದು ಉದ್ದದ್ದೋ ಗಿಡ್ಡದ್ದೋ? ಏನು ಬರೆದಿದ್ರಿ ಹೇಳ್ರಿ, ಹುಡುಕುವಾ.’

ಅಮ್ಮ ತಲೆ ತಗ್ಗಿಸಿದಳು. ಕೈಯಲ್ಲಿದ್ದ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಒಳಗಿನ ಕೋಣೆಯಲ್ಲಿ ಅಪ್ಪ ಪೇಪರು ಮಗುಚುವ ಸದ್ದು ಕೇಳುತ್ತಿತ್ತು.

‘ಗಿಡ್ಡದ್ದು. ಒಂದೇ ಶಬ್ದ.’

‘ಜೋರಾಗಿ ಹೇಳ್ರಿ ಅಕ್ಕೋರೆ, ಕೇಳೂದಿಲ್ಲ.’

ಅಮ್ಮ ನನ್ನನ್ನು ನೋಡಿದಳು. ಆಮೇಲೆ ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಹೇಳಿದಳು:

‘ಹೋಗು ಅಂತ ಬರೆದಿದ್ದೆ. ಧಾರವಾಡಕ್ಕೆ ಹೋಗು ಅಂತ!’

ಒಳಗೆ ಪೇಪರಿನ ಸದ್ದು ನಿಂತಿತು. ಚಾಚಾ ತಲೆಯಾಡಿಸಿ, ‘ಹಾಂ, ಹೋಗು’ ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತ ಮತ್ತೆ ಹುಡುಕತೊಡಗಿದರು. ಇನ್ನು ಹುಡುಕುವ ಅಗತ್ಯವಿಲ್ಲ ಎಂದು ಅವರಿಗೆ ನಾವಿಬ್ಬರೂ ಹೇಳಲಿಲ್ಲ. ಚೀಲದ ತಳ ಕಾಣುವವರೆಗೂ ಹುಡುಕಿ, ಸಿಗಲಿಲ್ಲವೆಂದು ಬೇಜಾರು ಮಾಡಿಕೊಂಡೇ ಹೋದರು.

ಅವರು ಹೋದ ಮೇಲೆ ಅಪ್ಪ ಹೊರಗೆ ಬಂದರು. ಹೊಸ್ತಿಲಿಗೆ ಹಾರಿಬಂದಿದ್ದ ಒಂದು ಎಳೆಯನ್ನು ಎತ್ತಿ ಜಗಲಿಯ ಮೇಲಿಟ್ಟರು. ‘ಧಾರವಾಡದ ಬಸ್ಸು ಎಷ್ಟೊತ್ತಿಗಿದ್ದು?’ ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. ಅಮ್ಮ ಸಮಯ ಹೇಳಿದಳು. ಆ ಸಮಯ ಅವಳಿಗೆ ಮೊದಲೇ ಗೊತ್ತಿತ್ತು.

ಎರಡು ವರ್ಷ ಓದಿದೆ. ರಜೆಗೆ ಬಂದಾಗಲೆಲ್ಲ ಆ ಓಣಿಯ ಬಾಯಿ ದಾಟಿಯೇ ಮನೆಗೆ ಹೋಗುತ್ತಿದ್ದೆ. ಒಳಗೆ ತಿರುಗಲಿಲ್ಲ. ಹೋಗಿ ಏನು ಹೇಳುವುದು? ನೀವು ಹುಡುಕಿದ್ದು ಸಿಕ್ಕಿತ್ತು ಎನ್ನುವುದೇ? ಮುಂದಿನ ರಜೆಗೆ ಎಂದುಕೊಂಡೆ. ಆಮೇಲೆ ಯಲ್ಲಾಪುರದಲ್ಲಿ ಕೆಲಸ ಸಿಕ್ಕಿತು. ವಾರಪತ್ರಿಕೆಗಳು ಒಂದೊಂದಾಗಿ ನಿಂತವು, ಕಟ್ಟಿಸಲು ಹಾಳೆಗಳೂ ಉಳಿಯಲಿಲ್ಲ... ಪುಸ್ತಕವನ್ನು ಮಾತ್ರ ಈಗಲೂ ನಾವು ಎರಡು ಪ್ರತಿ ಕೊಳ್ಳುವುದಿಲ್ಲ. ಒಂದೇ ಪ್ರತಿ, ಅಂಚಿನ ಬರಹ ಹೊತ್ತು, ಯಲ್ಲಾಪುರಕ್ಕೂ ಶಿರಸಿಗೂ ಓಡಾಡುತ್ತದೆ.

ಕಳೆದ ಶನಿವಾರ ಬೂದು ಪುಸ್ತಕ ಹಿಡಿದುಕೊಂಡೇ ಅಮ್ಮನನ್ನು ಕೇಳಿದೆ, ಚಾಚಾ ಹೇಗಿದ್ದಾರೆ ಎಂದು.

‘ತೀರ್ಕಂಡು ನಾಲ್ಕು ತಿಂಗ್ಳಾತಲೆ. ಆನು ಹೋಗಿ ಬಂದಿದ್ದೆ. ನಿಂಗೆ ಹೇಳಿದ್ನಿಲ್ಯಾ?’

ಹೇಳಿರಲಿಲ್ಲ. ಎಲ್ಲಿಯೋ ಬರೆದಿರಬಹುದು, ನಾನಿನ್ನೂ ಓದದ ಯಾವುದೋ ಪುಟದಲ್ಲಿ. ಅದನ್ನು ಹುಡುಕುವ ಮನಸ್ಸಾಗಲಿಲ್ಲ. ನಾನು ಹೇಳಬೇಕಿದ್ದ ಒಂದು ಮಾತು ಕೇಳಬೇಕಾದವರೇ ಇಲ್ಲದೆ ಉಳಿದಿತ್ತು.

ಮರುದಿನ ಬೆಳಿಗ್ಗೆ ಓಣಿಯೊಳಗೆ ಹೋದೆ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ. ಅದರ ಹಿಂದಿನ ಮನೆಯ ಬಾಗಿಲಲ್ಲಿ ಅವರ ಹೆಂಡತಿ ಅಕ್ಕಿ ಆರಿಸುತ್ತಿದ್ದರು. ‘ಬೈಂಡಿಂಗ್ ಬಂದ್ ಆಗಿದೆ ಬೇಟಿ’ ಎಂದರು. ಬೈಂಡಿಂಗಿಗಲ್ಲ, ನಾನು ದಾಸನಕೊಪ್ಪದ ಅಕ್ಕೋರ ಮಗಳು ಎಂದೆ. ಅವರು ಮೊರ ಸರಿಸಿ ಜಾಗ ಮಾಡಿದರು. ಕೂತೆ. ಗೋಣಿಚೀಲದಿಂದ ಶುರುಮಾಡಿ, ಏನನ್ನೂ ಬಿಡದೆ, ಕೊನೆಗೆ ಏನಾಯಿತು ಎಂಬಲ್ಲಿಯವರೆಗೂ ಅವರಿಗೆ ಬಾಯಿಬಿಟ್ಟು ಹೇಳಿದೆ.