ಟೇಟರ್‌ಗಾಗಿ ಲವಾನ್ ಬಾಯಿಬಿಟ್ಟಿದ್ದು

ನಾಯಿ ಹೊರಗೆ ಹೋಗಬೇಕು, ಇಲ್ಲವೇ ಲವಾನ್ ಹೌಗೆನ್ ಮನೆ ಖಾಲಿ ಮಾಡಬೇಕು. ಬಾಡಿಗೆ ಮನೆಗಳ ಆ ಕಟ್ಟಡವನ್ನು ಕೊಂಡ ಹೊಸ ಮಾಲೀಕರು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದು ಇಷ್ಟೇ. ಅದನ್ನು ಹೇಳಲು ಬಂದವನಾದರೂ ಯಾರು? ಮ್ಯಾನೇಜರ್ ಡೇರಿಲ್ ಸ್ಟ್ರಾಮ್‌ಕ್ವಿಸ್ಟ್. ಚಿಕ್ಕಂದಿನಲ್ಲಿ ಲವಾನ್ ಓಡಿಸುತ್ತಿದ್ದ ಸ್ಕೂಲ್ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಅವಳಿಂದಲೇ ಬಾಯಿ ಒರೆಸಿಸಿಕೊಂಡಿದ್ದ ಮಹಾರಾಯ!

"ತಿಂಗಳ ಕೊನೆವರೆಗೂ ಟೈಮಿದೆ, ಮಿಸೆಸ್ ಹೌಗೆನ್," ಎಂದ, ಅವಳ ಮುಖ ನೋಡದೆ.

"ಆಯ್ತಪ್ಪ, ಏನೂ ತೊಂದ್ರೆಯಿಲ್ಲ," ಎಂದಳು ಲವಾನ್.

ಬಾಗಿಲು ಹಾಕಿಕೊಂಡು ಬಚ್ಚಲುಮನೆಗೆ ಹೋಗಿ ನೆಲದ ಮೇಲೆ ಕೂತುಬಿಟ್ಟಳು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಟೇಟರ್ ಹಿಂದೆಯೇ ಬಂದು ಅವಳ ಪಾದಗಳ ಮೇಲೆ ಧೊಪ್ಪನೆ ಬಿದ್ದುಕೊಂಡ. ಉದ್ದ ಕಿವಿಯ ಬೀಗಲ್ ನಾಯಿ. ಹೊಟ್ಟೆ ನೆಲ ಗುಡಿಸುವಷ್ಟು ದಪ್ಪ, ಸಾಲದ್ದಕ್ಕೆ ಹೊತ್ತುಗೊತ್ತಿಲ್ಲದೆ ಹೂಸು ಬಿಡುವ ಚಾಳಿ. ಆದರೆ ಆ ಭಾರ ಕಾಲ ಮೇಲೆ ಬಿದ್ದರೆ ಮಾತ್ರ ಅವಳ ಉಸಿರು ಕೆಳಗಿಳಿಯುತ್ತಿತ್ತು. ಹಿಂದಿನ ಚಳಿಗಾಲದಲ್ಲಿ ಮರದ ದಿಮ್ಮಿ ಹೊತ್ತ ಲಾರಿಯೊಂದು ಹೆಪ್ಪುಗಟ್ಟಿದ ರಸ್ತೆಯಲ್ಲಿ ಜಾರಿ ಬಂದು ಅವಳ ಬಸ್ಸಿಗೆ ಬಡಿದ ದಿನದಿಂದ ಹೀಗೆ. ಮಕ್ಕಳೆಲ್ಲ ಬರೀ ಗೀರುಗಾಯಗಳಲ್ಲಿ ಪಾರಾದರು. ತಪ್ಪು ಲಾರಿಯವನದೇ ಎಂದು ಪೊಲೀಸರೂ ಹೇಳಿದರು. ಲವಾನ್ ಮಾತ್ರ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಅವಳ ಈ ಉಸಿರುಕಟ್ಟುವ ಕಷ್ಟ ಊರಲ್ಲಿ ಯಾರಿಗಾದರೂ ಗೊತ್ತಿತ್ತೇ? ಎಲ್ಲಿಂದ ಗೊತ್ತಾಗಬೇಕು! ಅಮೆರಿಕದ ಮಿನಿಸೋಟಾ ರಾಜ್ಯದ ಉತ್ತರದ ಬಮಿಡ್ಜಿ ಊರಿನ ಜನ ಕಾಲು ಮುರಿದು ಹಿಮದಲ್ಲಿ ಬಿದ್ದಿದ್ದರೂ "ಚೆನ್ನಾಗಿದೀನಿ, ನೀವು?" ಎನ್ನುವವರು. ಕಷ್ಟ ಹೇಳಿಕೊಂಡರೆ ಎದುರಿನವರಿಗೆ ತೊಂದರೆ ಕೊಟ್ಟಂತೆ ಎಂಬುದು ಅವರಿಗೆ ತಾಯಿಹಾಲಿನ ಜೊತೆಗೇ ಬಂದದ್ದು. ಕೇಳಿದರೆ ಮೈ ಉರಿಯುತ್ತದೆ, ಆದರೆ ಏನು ಮಾಡುವುದು, ಜನ ಒಳ್ಳೆಯವರು.

"ಟೇಟರ್‌ನ ಸತ್ರೂ ಬಿಡಲ್ಲ," ಎಂದಳು ಲವಾನ್, ತಂಗಿ ಆರ್ಲಿಸ್ ಹತ್ತಿರ.

"ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯೆ? ಇದು ಮನಸ್ಸಿಗೆ ಆಸರೆಯಾಗೋ ನಾಯಿ, ಮನೇಲಿರಬಹುದು ಅಂತ ಇಂಟರ್ನೆಟ್ಟಲ್ಲಿ ಸರ್ಟಿಫಿಕೇಟ್ ಮಾರ್ತಾರೆ. ನಾಯಿಗೊಂದು ಕೆಂಪು ಕೋಟೂ ಕೊಡ್ತಾರೆ ಕಣೆ!"

ತರಿಸಿದ್ದಾಯಿತು. ಕೋಟಿನ ಜೇಬನ್ನು ಟೇಟರ್ ಅಂದೇ ತಿಂದು ಮುಗಿಸಿದ. ಸರ್ಟಿಫಿಕೇಟನ್ನು ಡೇರಿಲ್ ನೋಡಿ ಅಡ್ಡಡ್ಡ ತಲೆಯಾಡಿಸಿದ. "ದುಡ್ಡು ಕೊಟ್ರೆ ನಮ್ಮನೆ ಕುರ್ಚಿಗೂ ಇದು ಸಿಗುತ್ತೆ, ಮಿಸೆಸ್ ಹೌಗೆನ್. ನಿಮಗೆ ಚಿಕಿತ್ಸೆ ಕೊಡೋರು ಯಾರಾದ್ರೂ, ಇವರ ಮನಸ್ಸಿನ ಆರೋಗ್ಯಕ್ಕೆ ಈ ನಾಯಿ ಬೇಕೇ ಬೇಕು ಅಂತ ಬರೆದುಕೊಡ್ಬೇಕು. ಆಗ ಕಾನೂನು ನಿಮ್ಮ ಕಡೆ. ಮಾಲೀಕರು ತುಟಿ ಪಿಟಕ್ಕೆನ್ನೋ ಹಾಗಿಲ್ಲ."

ಸರಿ, ಅದನ್ನೇ ತಂದರಾಯಿತು ಎಂದು ಲವಾನ್ ಪಟ್ಟು ಹಿಡಿದಳು. ಆಪ್ತ ಸಮಾಲೋಚಕಿ ರೋಬರ್ಟಾ ಕೀನ್ ಅವರಲ್ಲಿ ಸಮಯ ಗೊತ್ತುಮಾಡಿಕೊಂಡು, ಆರ್ಲಿಸ್ ಕಾರಿನಲ್ಲಿ ಕೂತು ಹೊರಟಳು. ಬರಿಗೈಲಿ ಹೋಗುವುದುಂಟೇ? ಒಂದು ತಟ್ಟೆ ತುಂಬ ನಿಂಬೆಯ ಸಿಹಿತುಂಡುಗಳನ್ನು ಬೇಯಿಸಿ ಒಯ್ದಳು.

"ನಿದ್ದೆ ಹೇಗಿದೆ?" ಎಂದರು ರೋಬರ್ಟಾ.

"ಚೆನ್ನಾಗಿದೆ."

"ಊಟ?"

"ಪರವಾಗಿಲ್ಲ."

"ಆ ಅಪಘಾತ ನೆನಪಿಗೆ ಬರುತ್ತಾ?"

"ಅಯ್ಯೋ, ಹಳೇ ಮಾತು ಬಿಡಿ. ಎಷ್ಟೋ ಜನರಿಗೆ ಇದಕ್ಕಿಂತ ಕಷ್ಟ ಇರುತ್ತೆ."

ಎರಡನೇ ಸಲವೂ ಇದೇ ಹಾಡು. ಮೂರನೇ ಸಲವೂ ಅದೇ; ಜೊತೆಗೆ ಬೇರೆ ತಿಂಡಿ. ಕೊನೆಗೆ ಲವಾನ್, "ಹಾಗಾದ್ರೆ ಆ ಕಾಗದ...?" ಎಂದು ಮೆಲ್ಲಗೆ ರಾಗ ಎಳೆದಳು.

ರೋಬರ್ಟಾ ಕನ್ನಡಕ ತೆಗೆದರು. "ಏನಂತ ಬರೀಲಿ, ಲವಾನ್? ಇವರು ಚೆನ್ನಾಗಿದಾರೆ, ನಿದ್ದೆ ಬರುತ್ತೆ, ಊಟ ಸೇರುತ್ತೆ, ಆದ್ರಿಂದ ನಾಯಿ ಬೇಕು ಅಂತ್ಲಾ? ನೀವು ಹೇಳದೆ ಇರೋದನ್ನ ನಾನು ಬರೆಯೋಕಾಗಲ್ಲ."

ಲವಾನ್ ಥ್ಯಾಂಕ್ಸ್ ಹೇಳಿ, ಖಾಲಿ ತಟ್ಟೆ ಎತ್ತಿಕೊಂಡು ಕಾರಿಗೆ ಬಂದಳು. ಕಾರು ಹೊರಟು ಕೆರೆಯ ದಂಡೆ ತಲುಪುವಷ್ಟರಲ್ಲಿ ನಡೆದದ್ದನ್ನು ತಂಗಿಗೆ ಹೇಳಿದಳು. ವಿಷಯ ಕೇಳಿ ಆರ್ಲಿಸ್‌ಗೆ ರೇಗಿತು.

"ಬಾಯಿಬಿಟ್ಟು ಹೇಳೋಕೇನು ಧಾಡಿ ನಿನಗೆ?"

"ಹೇಳ್ಕೊಳ್ಳೋದು ಅಂದ್ರೆ ಬೀದೀಲಿ ಬಟ್ಟೆ ಬಿಚ್ಚಿದ ಹಾಗೆ ಆಗುತ್ತೆ ಕಣೆ."

"ಹಾಗಾದ್ರೆ ಬಿಡು. ನಾಯೀನ ಭಾನುವಾರ ನಾನೇ ನಮ್ಮನೆಗೆ ಕರ್ಕೊಂಡ್ ಹೋಗ್ತೀನಿ."

ಲವಾನ್ ಕಿಟಕಿಯಾಚೆ ನೋಡಿದಳು. ಪಾದಗಳು ತಣ್ಣಗಾಗುತ್ತಿದ್ದವು, ಅವುಗಳ ಮೇಲೆ ಟೇಟರ್ ಇರಲಿಲ್ಲ. ಇನ್ನು ಉಳಿದ ಬದುಕೆಲ್ಲ ಹೀಗೇ ಒಬ್ಬಳೇ ಎಂದು ಎಣಿಸಿದಾಗ ಅವಳಿಗೆ ಹೆದರಿಕೆಗಿಂತ ಸಿಟ್ಟು ಬಂತು.

"ಗಾಡಿ ತಿರುಗಿಸು," ಎಂದಳು.

ರೋಬರ್ಟಾ ತಮ್ಮ ಕೋಣೆಯಲ್ಲಿ ಮುಂದಿನವರಿಗಾಗಿ ಕಾಯುತ್ತಿದ್ದರು. ಲವಾನ್ ಕೂರಲಿಲ್ಲ, ಕೋಟೂ ಬಿಚ್ಚಲಿಲ್ಲ.

"ನಾನು ಚೆನ್ನಾಗಿಲ್ಲ," ಎಂದಳು. ಮೊದಲ ಮಾತೇ ಕಷ್ಟ, ಆಮೇಲೆ ಕಟ್ಟೆಯೊಡೆದಂತಾಯಿತು. "ನಿದ್ದೆ ಬರಲ್ಲ. ಕಣ್ಣು ಮುಚ್ಚಿದ್ರೆ ಗಾಜು ಒಡೆಯೋ ಸದ್ದು. ರಸ್ತೇಲಿ ಲಾರಿ ಕಂಡ್ರೆ ಉಚ್ಚೆ ಹೋಗೋ ಹಾಗಾಗುತ್ತೆ. ಒಂದು ಮಗು ಹಿಂದಿಂದ ನನ್ನ ಕೋಟು ಹಿಡ್ಕೊಂಡು ಕೂಗ್ತಿತ್ತು. ಡೇರಿಲ್ ಸ್ಟ್ರಾಮ್‌ಕ್ವಿಸ್ಟ್ ಮಗಳು, ಬ್ರಿನ್. ನಂಗೆ ತಿರುಗಿ ನೋಡೋ ಧೈರ್ಯ ಬರ್ಲಿಲ್ಲ. ಆ ನಾಯಿ ಕಾಲ ಮೇಲೆ ಬಿದ್ಕೊಂಡ್ರೆ ಉಸಿರು ಬರುತ್ತೆ. ಅದಿಲ್ಲ ಅಂದ್ರೆ ನಾನಿಲ್ಲ. ಇಷ್ಟೇ."

ರೋಬರ್ಟಾ ಅವಳನ್ನು ಕೂರಿಸಿದರು. ಕಾಗದ ಅವತ್ತೇ ಸಿಗಲಿಲ್ಲ. ಇನ್ನೂ ಕೆಲವು ಸಲ ಹೋಗಬೇಕಾಯಿತು, ತಟ್ಟೆಯಿಲ್ಲದೆ, ಸುಳ್ಳಿಲ್ಲದೆ. ತಿಂಗಳ ಕೊನೆಯ ವಾರದಲ್ಲಿ ಕಾಗದ ಕೈಗೆ ಬಂತು. ಲವಾನ್ ಅದನ್ನು ಹಿಡಿದು ನೆಟ್ಟಗೆ ಮ್ಯಾನೇಜರನ ಕೋಣೆಗೆ ನುಗ್ಗಿದಳು. ಟೇಟರ್ ಜೊತೆಗೇ.

ಡೇರಿಲ್ ಓದಿದ. "ಸರಿಯಾಗಿದೆ. ನಾಯಿ ಇರಬಹುದು. ಆದ್ರೆ ನಿಮಗೇನಾಗಿದೆ ಅಂತ ಇದರಲ್ಲಿಲ್ಲ."

"ಹೇಳಬೇಕಾಗಿಲ್ಲವಂತೆ. ಆದ್ರೂ ನಿಂಗೆ ಹೇಳ್ತೀನಿ. ಆ ಬಸ್ಸು ಇನ್ನೂ ನನ್ನ ತಲೇಲಿ ಓಡ್ತಿದೆ ಡೇರಿಲ್. ನಿನ್ನ ಮಗಳ ಕೂಗು ಇವತ್ತಿಗೂ ಕಿವೀಲಿದೆ. ನಿಂಗೆ ನನ್ ಮೇಲೆ ಸಿಟ್ಟು. ನನ್ ಮುಖಾನೂ ನೋಡಲ್ಲ. ತಪ್ಪಲ್ಲ ಬಿಡು."

"ಸಿಟ್ಟಾ?" ಡೇರಿಲ್ ಮೊದಲ ಸಲ ತಲೆಯೆತ್ತಿದ. ಕಣ್ಣುಗಳು ಕೆಂಪಾಗಿದ್ದವು. "ನೀವು ಸ್ಟೀರಿಂಗ್ ಬಿಡ್ಲಿಲ್ಲ ಅಂತಾನೇ ನನ್ ಮಗಳು ಉಳಿದಿದ್ದು. ನಿಮ್ಮನ್ನ ನೋಡಿದ್ರೆ ಎಲ್ಲಿ ಅಳು ಬಂದುಬಿಡುತ್ತೋ ಅಂತ... ಅವಳು ಈಗ್ಲೂ ಬಸ್ ಹತ್ತಲ್ಲ. ದಿನಾ ನಾನೇ ಸ್ಕೂಲಿಗೆ ಬಿಡ್ತೀನಿ. ದೀಪ ಆರಿಸಿದ್ರೆ ಕಿರುಚ್ತಾಳೆ."

ಟೇಟರ್ ಮೇಜಿನಡಿ ನುಸುಳಿ ಡೇರಿಲ್‌ನ ಬೂಟಿನ ಮೇಲೆ ಒರಗಿಕೊಂಡ.

"ಆ ಮೇಡಂ... ಮಕ್ಕಳನ್ನೂ ನೋಡ್ತಾರಾ?" ಎಂದ ಡೇರಿಲ್.

"ನೋಡ್ತಾರೆ. ನಾನೇ ಜೊತೆಗೆ ಬರ್ತೀನಿ. ಆದ್ರೆ ಮಗೂಗೆ ನಮ್ಮ ಹಾಗೆ 'ಚೆನ್ನಾಗಿದೀನಿ' ಅನ್ನೋದನ್ನ ಕಲಿಸಿಲ್ಲ ತಾನೆ?"

ಡೇರಿಲ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಕಲಿಸಿಬಿಟ್ಟಿದೀನಿ," ಎಂದ.