ಎಡಕ್ಕೆ ಎಳೆಯದ ಬೈಕ್

ಕುಶಾಲಪ್ಪ, ಆ ಬೈಕ್ ಎಡಕ್ಕೆ ಎಳೆಯುತ್ತಿರಲಿಲ್ಲ. ಅಂದೂ ಇಲ್ಲ, ಇಂದೂ ಇಲ್ಲ. ಎಳೆದವನು ನಾನು.

ಆರು ವರ್ಷದಿಂದ ಈ ಮಾತು ನನ್ನ ಬಾಯೊಳಗೇ ಸುತ್ತುತ್ತಿದೆ. ನಿನ್ನೆದುರು ಕುಳಿತಾಗಲೆಲ್ಲ ನಾಲಿಗೆಯ ತುದಿಗೆ ಬರುತ್ತದೆ — ಅಷ್ಟರಲ್ಲಿ ನೀನು ಯಾವುದೋ ಹಸು ಕರು ಹಾಕಿದ ಕಥೆ ತೆಗೆಯುತ್ತೀ, ನಾನು ನಗುತ್ತೇನೆ, ಅದು ಮತ್ತೆ ಒಳಗಿಳಿಯುತ್ತದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಪೂರ್ತಿ ಓದುವ ತನಕ ಫೋನ್ ಮಾಡಬೇಡ.

ನಿನಗೊಂದು ಬೈಕ್ ಬೇಕಾಗಿತ್ತು. ದನದ ಆಸ್ಪತ್ರೆಯ ಕೆಲಸ. ಬ್ಯಾಗ್ ಹೊತ್ತು ಎಸ್ಟೇಟಿನಿಂದ ಎಸ್ಟೇಟಿಗೆ ಬಸ್ಸು, ಜೀಪು ಕಾದು ನಿನಗೆ ಸಾಕಾಗಿತ್ತು. ಬೇಕಾಗಿದ್ದದ್ದೂ ಎಂಥದ್ದು — ಮುಂದೆ ಪ್ಲಾಸ್ಟಿಕ್ಕಿನ ಹೊದಿಕೆಯಿಲ್ಲದ, ಇಂಜಿನ್ನು, ಪೈಪು, ಚಾಸಿಸ್ಸು ಎಲ್ಲವೂ ಹೊರಗೇ ಕಾಣುವ ನೇಕೆಡ್ ಬೈಕ್. ಕಾಲೇಜಿನ ದಿನಗಳಲ್ಲೇ ಅದರ ಚಿತ್ರವನ್ನು ಪರ್ಸಿನಲ್ಲಿಟ್ಟುಕೊಂಡವನು ನೀನು. ಕುಟ್ಟದ ಹತ್ತಿರ ಸೆಕೆಂಡ್ ಹ್ಯಾಂಡ್ ಒಂದಿದೆ ಎಂದು ತಿಳಿದ ದಿನವೇ ನಾನು ರೈಟರಾಗಿ ಲೆಕ್ಕ ಬರೆಯುವ ಎಸ್ಟೇಟ್ ಆಫೀಸಿಗೆ ಓಡಿಬಂದೆ.

"ರೈಟರೇ, ಎದ್ದೇಳಿ. ಹಸುವಿನ ಹೊಟ್ಟೆಯೊಳಗೆ ಏನಿದೆ ಅಂತ ನಾನು ಹೇಳ್ತೇನೆ, ಬೈಕಿನ ಹೊಟ್ಟೆ ನನಗೆ ಗೊತ್ತಿಲ್ಲ ಮಾರಾಯ. ನೀನು ಹೂಂ ಅಂದ್ರೆ ತಗೊಳ್ತೇನೆ, ಬೇಡ ಅಂದ್ರೆ ಬಿಟ್ಟೆ."

ಕೊಳ್ಳುವವರ ಪರವಾಗಿ ನೋಡಿ ಹೇಳುವ ಈ ಕೆಲಸ ನನಗೆ ಅಜ್ಜನಿಂದ ಬಂದದ್ದು. ನಮ್ಮ ಶನಿವಾರಸಂತೆ ಕಡೆ ಎತ್ತು ಕೊಳ್ಳುವವರು ಅಜ್ಜನನ್ನು ಮುಂದಿಟ್ಟುಕೊಂಡೇ ಸಂತೆಗೆ ಹೋಗುತ್ತಿದ್ದರು. ಅಜ್ಜ ಹಲ್ಲು ನೋಡಿ, ಗೊರಸು ತಟ್ಟಿ, ನಾಲ್ಕು ಹೆಜ್ಜೆ ನಡೆಸಿ ಒಂದೇ ಮಾತು ಹೇಳುವರು. ಅವರದೊಂದು ಕಟ್ಟಳೆಯಿತ್ತು: ಇನ್ನೊಬ್ಬನಿಗಾಗಿ ನೋಡಲು ಹೋದ ದನವನ್ನು ತಾನು ಕೊಳ್ಳಬಾರದು, ಅವನು ಬಿಟ್ಟರೂ ಕೊಳ್ಳಬಾರದು. "ನೋಡೋನ ಕಣ್ಣಿಗೆ ಆಸೆ ಬಂತೋ, ಆ ಕಣ್ಣು ಕೆಟ್ಟಂಗೆ ಕಣೋ ಮಗ" ಎನ್ನುತ್ತಿದ್ದರು. ಸಂತೆಯ ದನ ಬೈಕಾಗಿ ಬದಲಾದದ್ದಷ್ಟೇ, ಕಟ್ಟಳೆ ಅದೇ. ನನಗೆ ಗೊತ್ತಿಲ್ಲದೆ ಮಾಡಿದೆ ಎನ್ನುವಂತಿಲ್ಲ.

ಮಾದಯ್ಯನವರ ಅಂಗಳ ನೆನಪಿದೆಯಲ್ಲ? ರಿಟೈರ್ಡ್ ಹವಾಲ್ದಾರರು, ಮಗ ದೇವಯ್ಯನೂ ಸೈನ್ಯದಲ್ಲಿ. ಬೈಕ್ ಮಗನದು. ಕಾಫಿ ಒಣಗಿಸುವ ಟಾರ್ಪಾಲು ಸರಿಸಿ, "ನನ್ನ ಮಗ ಇದನ್ನ ಒಂದು ಸಲವೂ ಬೀಳಿಸಿಲ್ಲ" ಎಂದರು. "ರಜೆಗೆ ಬಂದ್ರೆ ನನ್ನ ಮುಖ ನೋಡೋ ಮೊದಲು ಇದನ್ನ ಒರೆಸ್ತಿದ್ದ."

"ಒರೆಸಿದ್ದು ನೀವೇ ಅಂತ ಕಾಣ್ತದೆ ಅಂಕಲ್" ಎಂದು ನೀನು ನಗಿಸಿದೆ.

ನಾನು ಹತ್ತಿ ಕುಳಿತೆ. ಗದ್ದೆಬಯಲಿನ ನಡುವೆ ನೆಟ್ಟಗೆ ಹೋಗುವ ರಸ್ತೆಯವರೆಗೆ ಮೂವರೂ ಬಂದೆವು. ನೀವಿಬ್ಬರು ಮೋರಿಯ ಮೇಲೆ ನಿಂತಿರಿ, ನಾನು ಆ ತುದಿಗೆ ಹೋದೆ. ಮೂರನೆಯ ಗೇರಿಗೆ ಬರುವಷ್ಟರಲ್ಲಿ — ಹೇಗೆ ಹೇಳಲಿ — ನಲವತ್ತು ದಾಟಿದ ಮೈಗೆ, ದಿನವೂ ಹಳೆಯ ಮೊಪೆಡ್ಡಿನಲ್ಲಿ ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕ ಹೊತ್ತು ತಿರುಗುವ ಮೈಗೆ, ಏನೋ ಆಯಿತು. ಕೈಗೆ ಅಂಟಿದ ಹಾಗೆ ಇತ್ತು. ತಿರುಗಿಸಿಕೊಂಡು ನಿಮ್ಮ ಕಡೆ ಬರುವಾಗ ನಿನ್ನ ಮುಖ ದೂರದಿಂದಲೇ ಕಂಡಿತು, ಹಬ್ಬದ ದಿನದ ಮುಖ. ಆಗ ಮನಸ್ಸಿಗೆ ಬಂದದ್ದು ಒಂದೇ — ಇದು ಇವನಿಗೆ ಹೋಗಬಾರದು.

ಚಾಸಿಸ್ಸು ನೆಟ್ಟಗಿದೆಯೇ ಎಂದು ಪರೀಕ್ಷಿಸುವವರ ಹಾಗೆ ನಾನು ಹ್ಯಾಂಡಲಿನಿಂದ ಎರಡೂ ಕೈ ಬಿಟ್ಟೆ. ಬೈಕ್ ನೂಲು ಹಿಡಿದ ಹಾಗೆ ನೆಟ್ಟಗೆ ಬರುತ್ತಿತ್ತು. ಎಡ ಸೊಂಟಕ್ಕೆ ಒಂದಿಷ್ಟು ಭಾರ ಕೊಟ್ಟೆ — ಕಾಣದಷ್ಟು. ಅದು ಎಡಕ್ಕೆ ಸರಿಯಿತು. ಮತ್ತೊಮ್ಮೆ ಹೋಗಿಬಂದು, ಮತ್ತೊಮ್ಮೆ ತೋರಿಸಿದೆ.

"ಹೆಂಗುಟ್ಟು?" ಎಂದೆ ನೀನು. ಖುಷಿಯಾದಾಗ 'ಹೇಗಿದೆ' ಎನ್ನುವುದೂ ನಿನ್ನ ಬಾಯಿಗೆ ಮನೆಯ ಅರೆಭಾಷೆಯಲ್ಲೇ ಬರುವುದು.

"ಕುಶಾಲ, ಬೇಡ. ಎಲ್ಲೋ ಮುಂದೆ ಗುದ್ದಿದ್ದಾರೆ. ಚಾಸಿಸ್ಸಿನ ಕತ್ತು ಬೆಂಡಾಗಿದೆ."

ಎಲ್ಲವೂ ಹೊರಗೇ ಕಾಣುವ ಬೈಕಿನಲ್ಲಿ ಸುಳ್ಳಿಗೆ ಜಾಗವಿರಲಿಲ್ಲ. ಹ್ಯಾಂಡಲ್ ಬಂದು ಕೂರುವ ಕತ್ತಿನ ಒಳಗೆ, ಬಿಚ್ಚದೆ ಕಾಣದ ಕಡೆ ಅದನ್ನಿಟ್ಟೆ.

ನಿನ್ನ ಮುಖ ಬಾಡಿದ್ದು ನೋಡಿದೆ. ಅದಕ್ಕಿಂತ ಮಾದಯ್ಯನವರದು — ಅಲ್ಲೇ ಮೋರಿಯ ಮೇಲೆ ನಿಂತು ಮಗನಿಗೆ ಫೋನ್ ಹಚ್ಚಿದರಲ್ಲ. ಕೊಡವ ಮಾತು ನನಗೆ ಪೂರ್ತಿ ತಿಳಿಯುವುದಿಲ್ಲ, ದನಿ ತಿಳಿಯಿತು. ಆ ಕಡೆಯಿಂದ ಅವನು ಇಲ್ಲ, ಇಲ್ಲ ಎನ್ನುತ್ತಿದ್ದದ್ದೂ ತಿಳಿಯಿತು. ನಾನು ಬಗ್ಗಿ ಚೈನ್ ನೋಡುತ್ತಾ ನಿಂತೆ.

ಹದಿನೈದು ದಿನ ಬಿಟ್ಟು ಒಬ್ಬನೇ ಹೋದೆ. ನಿನಗೆ ಆಮೇಲೆ ಹೇಳಿದ ಕಥೆ — ಮುದುಕರು ಕೈಹಿಡಿದು ಕೇಳಿಕೊಂಡರು, ಮೈಸೂರಿನಲ್ಲಿ ಬೆಂಡ್ ತೆಗೆಸಿದೆ, ಆದರೂ ಸ್ವಲ್ಪ ಉಳಿದಿದೆ — ಎಲ್ಲವೂ ಕಟ್ಟಿದ್ದು. ಕೇಳಿಕೊಂಡವನು ನಾನು. ಅವರು ಬೆಲೆಯನ್ನು ತಾವಾಗಿಯೇ ಇಳಿಸಿದರು. ಬೀಗದ ಕೈ ಕೊಡುವಾಗ ಹೇಳಿದರು: "ನೀನು ಅಪರಿಚಿತ, ನೀನು ನಿಜ ಹೇಳಿದೆ. ನನ್ನ ಮಗ ಗುದ್ದಿದ್ದನ್ನ ಇನ್ನೂ ಒಪ್ಪಿಕೊಂಡಿಲ್ಲ."

ಆ ಗಳಿಗೆಯಲ್ಲಾದರೂ… ಇಲ್ಲ. ಬೀಗದ ಕೈ ತೆಗೆದುಕೊಂಡೆ.

ಬೈಕ್ ನನಗೆ ಒಗ್ಗಿತು. ಇಂಜಿನ್ ಆಯಿಲ್ ಬದಲಿಸಿದೆ, ಚೈನ್ ಬಿಗಿ ಮಾಡಿಸಿದೆ, ಕನ್ನಡಿ ಹೊಂದಿಸಿದೆ. ತಣ್ಣಗಿನ ಬೆಳಗಿನಲ್ಲಿ ಎರಡು ನಿಮಿಷ ಮುನಿಸು, ಬಿಸಿಯಾದರೆ ಎಸ್ಟೇಟಿನ ಏರನ್ನು ಎರಡನೇ ಗೇರಿನಲ್ಲೇ ಹತ್ತುತ್ತದೆ. ಅದರ ಮೈಯೆಲ್ಲ ಕಲಿತೆ. ಆದರೆ ಒಂದು ದಿನವೂ ಕೈ ಬಿಟ್ಟು ಓಡಿಸಲಿಲ್ಲ. ನೀನು ಸ್ಕೂಟರ್ ತಗೊಂಡೆ. ಮಳೆಗಾಲದ ಕೆಸರಿಗೆ ಅದರ ಸಣ್ಣ ಚಕ್ರ ನಿಲ್ಲದೆ, ಗೇಟಿನಲ್ಲೇ ಬಿಟ್ಟು ಬ್ಯಾಗ್ ಹೊತ್ತು ನಡೆಯುತ್ತಿದ್ದೆ. ಸಿಕ್ಕಾಗಲೆಲ್ಲ ನನ್ನ ಬೈಕಿನ ಟ್ಯಾಂಕ್ ಸವರಿ, "ಹೆಂಗುಟ್ಟು?" ಎನ್ನುತ್ತಿದ್ದೆ. "ಪರವಾಗಿಲ್ಲ" ಎನ್ನುತ್ತಿದ್ದೆ ನಾನು.

ಇನ್ನು ಹೋದ ವರ್ಷದ ಮಾತು. ಗೋಣಿಕೊಪ್ಪಲಿನ ಮೆಕ್ಯಾನಿಕ್ ಸಲೀಂ ಹ್ಯಾಂಡಲ್ ಬೇರಿಂಗ್ ಬದಲಿಸಲೆಂದು ಕತ್ತು ಬಿಚ್ಚಿದಾಗ ನೀನೂ ಟೀ ಹಿಡಿದು ನಿಂತಿದ್ದೆ.

"ಕಂಪನಿ ಬೇರಿಂಗೇ ಸಾರ್, ಯಾರೂ ಮುಟ್ಟೇ ಇಲ್ಲ" ಎಂದ ಅವನು. "ಚಾಸಿಸ್ಸಿಗೆ ಒಂದು ಗೀರೂ ಇಲ್ಲ. ಮದುಮಗಳ ಹಾಗೆ ಇಟ್ಕೊಂಡಿದ್ದಾರೆ."

ನೀನು "ಹೌದಾ" ಎಂದೆ. ಟೀ ಮುಗಿಸಿದೆ. ನನ್ನ ಹಿಂದೆ ಹತ್ತಿ ಕುಳಿತೆ. ನಮ್ಮ ಮನೆಯ ತಿರುವು ಬಂತು — "ತಿರುಗಿಸಬೇಡ, ನೇರ ಹೋಗು" ಎಂದೆ ನೀನು. ನಾನು ಕುಟ್ಟದ ದಾರಿ ಹಿಡಿದೆ. ಗದ್ದೆಬಯಲು ಬಂತು, ಅದೇ ರಸ್ತೆ.

"ಒಂದ್ಸಲ ಕೈ ಬಿಡು."

ಬಿಟ್ಟು ಸುಮ್ಮನೆ ಕುಳಿತಿದ್ದರೆ ಬೈಕೇ ನನ್ನ ಪರವಾಗಿ ಹೇಳಿಬಿಡುತ್ತಿತ್ತು. ನಾನು ಬಾಯಿ ಬಿಡುವುದೂ ಬೇಕಿರಲಿಲ್ಲ. ಕೈ ಬಿಟ್ಟೆ. ಎಣಿಸಿದರೆ ಮೂರೋ ನಾಲ್ಕೋ ಉಸಿರು ಅದು ನೆಟ್ಟಗೆ ಹೋಯಿತು. ಆಮೇಲೆ ನಾನು — ಮತ್ತೆ ಎಡಕ್ಕೆ ವಾಲಿದೆ.

ಮೊದಲ ಸಲ ನೀನು ಮೋರಿಯ ಮೇಲೆ ದೂರದಲ್ಲಿದ್ದೆ. ಈ ಸಲ ನಿನ್ನ ಎರಡು ಮೊಣಕಾಲೂ ನನ್ನ ಸೊಂಟಕ್ಕೆ ತಾಗಿದ್ದವು. ಭಾರ ಯಾವ ಕಡೆ ಹೋಯಿತೆಂದು ನಿನಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಕಣ್ಣುಮುಚ್ಚಿ ಹಸುವಿನ ಹೊಟ್ಟೆ ಮುಟ್ಟಿ ಕರು ಎತ್ತ ತಿರುಗಿದೆ ಎಂದು ಹೇಳುವವನು ನೀನು.

"ಸರಿ, ಮನೆಗೆ ಹೋಗುವ" ಎಂದೆ ನೀನು. ಅಷ್ಟೇ. ಅಂದಿನಿಂದ ನೀನು ಟ್ಯಾಂಕ್ ಸವರುವುದಿಲ್ಲ. "ಹೆಂಗುಟ್ಟು" ಎಂದು ಕೇಳುವುದಿಲ್ಲ. ಆದರೂ ಬರುತ್ತೀ, ಕೂರುತ್ತೀ, ಕರುವಿನ ಕಥೆ ಹೇಳುತ್ತೀ. ನಾನು ಮೊದಲ ಸುಳ್ಳು ಹೇಳಿದ್ದು ಆಸೆಗೆ. ಎರಡನೆಯದು, ನಿನಗೆ ಗೊತ್ತಾಗುತ್ತಿದೆ ಎಂದು ಗೊತ್ತಿದ್ದೂ ಹೇಳಿದ್ದು. ಅದಕ್ಕೆ ಯಾವ ಹೆಸರಿಡಬೇಕೋ ನನಗೆ ತಿಳಿಯದು.

ಹೋದ ವಾರ ಮಾದಯ್ಯನವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ದೇವಯ್ಯ ಸರ್ವಿಸ್ ಮುಗಿಸಿ ಮನೆಗೆ ಬಂದಿದ್ದಾನಂತೆ. "ಒಂದೇ ಮನೆಯಲ್ಲಿದ್ದೇವೆ. ಅವನು ಏನು ಹೇಳಿದ್ರೂ ನಿಜವಾ ಅಂತ ಈಗ ನಾನು ಎರಡು ಸಲ ಕೇಳ್ತೇನೆ. ಅದು ಅವನಿಗೂ ಗೊತ್ತು" ಎಂದರು. ನನ್ನ ಹೆಗಲು ತಟ್ಟಿ ಬಸ್ ಹತ್ತಿದರು.

ನಾಳೆ ಬೆಳಿಗ್ಗೆ ಎಂಟಕ್ಕೆ ಬೈಕನ್ನು ನಿನ್ನ ಅಂಗಳಕ್ಕೆ ತರುತ್ತೇನೆ. ಹ್ಯಾಂಡಲ್ ನಿನ್ನ ಕೈಗೆ, ನಾನು ಹಿಂದೆ. ಬರುವುದೂ ಬಿಡುವುದೂ ನಿನ್ನಿಷ್ಟ. ನೀನು ಬಾರದಿದ್ದರೂ ನಾನು ಕುಟ್ಟಕ್ಕೆ ಹೋಗುವವನೇ. ಅಪ್ಪ ಮಗ ಇಬ್ಬರೂ ಇರುವಾಗ, ಇಬ್ಬರಿಗೂ ಕೇಳುವ ಹಾಗೆ ಹೇಳುತ್ತೇನೆ.

ಬಂದೆಯಾದರೆ, ಗದ್ದೆಬಯಲಿನ ಆ ರಸ್ತೆಯಲ್ಲಿ ಎರಡೂ ಕೈ ಬಿಡು. ನಾನು ಅಲುಗಾಡದೆ ಕೂರುತ್ತೇನೆ.