ತುಟಿಯಂಚಿನ ಬಿಳಿ

ನಮ್ಮೂರು ಮಟಕಿಯಲ್ಲಿ ಚಂದಮ್ಮನ ಬಾಯಿಗೆ ಹೆದರದವರಿರಲಿಲ್ಲ. ಯಾರ ಸೊಸೆ ತವರಿಗೆ ಓಡಿದಳು, ಯಾರು ಜೋಳದ ಚೀಲದಲ್ಲಿ ಕಲ್ಲು ಬೆರೆಸಿದರು, ಎಲ್ಲವನ್ನೂ ಆಕೆ ಬಾವಿಯ ಹತ್ತಿರ ನಿಂತು ಸಾರುತ್ತಿದ್ದಳು. ನಾನು ಪಕ್ಕದ ಮನೆಯವಳು. ಬೈಗುಳದಲ್ಲಿ ನನ್ನ ಪಾಲು ನನಗೂ ಸಿಕ್ಕಿದೆ. ಆದರೂ ಆಕೆಯ ದನಿ ಕೇಳದೆ ನಮ್ಮ ಓಣಿಗೆ ಬೆಳಗಾಗುತ್ತಿರಲಿಲ್ಲ.

ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಆಕೆಯ ಕೆಳತುಟಿ ಒಡೆಯಿತು. ಎಲ್ಲರ ತುಟಿಯೂ ಒಡೆದಿತ್ತು. ಬೆಣ್ಣೆ ಹಚ್ಚಿಕೊಂಡೆವು, ಹೋಳಿ ಹುಣ್ಣಿಮೆಯ ಹೊತ್ತಿಗೆ ನಮ್ಮವು ಮಾಯ್ದವು. ಆಕೆಯದು ಮಾಯಲಿಲ್ಲ. ಬಿಸಿಲು ಏರಿದರೂ ಎಡಬದಿಯ ಒಂದು ಸೀಳು ಹಾಗೆಯೇ ಉಳಿಯಿತು. ಸಿಪ್ಪೆ ಏಳುವುದು, ಒಣಗುವುದು, ಮತ್ತೆ ಏಳುವುದು. ಆಮೇಲೆ ಅದರ ಸುತ್ತ ಬಿಳಿ ಮೂಡಿತು.

ಬಿಳಿ ಕಂಡದ್ದೇ ಚಂದಮ್ಮ ತೊನ್ನೆಂದು ಹೆದರಿದಳು. ತೊನ್ನು ಮೊದಲು ತುಟಿಗೇ ಹತ್ತುತ್ತದೆ, ತಾಯಿಗಿದ್ದರೆ ಮಗಳಿಗೂ ಬರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಆಕೆಯ ಮಗಳು ಗುರಮ್ಮನಿಗೆ ಆಗತಾನೇ ಕರಜಗಿ ಊರಿನ ಒಂದು ಮನೆತನದಲ್ಲಿ ಲಗ್ನ ಗೊತ್ತಾಗಿತ್ತು. ತೊನ್ನಿನ ಮನೆಯ ಹುಡುಗಿ ಎಂದು ಅವರು ಬಿಟ್ಟರೆ ಇನ್ನಾರೂ ಕೇಳಲು ಬರುವುದಿಲ್ಲ.

ಚಂದಮ್ಮ ಸೆರಗನ್ನು ಬಾಯಿಗೆ ಎಳೆದುಕೊಂಡಳು. ಬಾವಿಗೆ ಬಂದರೂ ಮಾತಿಲ್ಲ. "ಬೀಗತಿ ಆಗಾಕತ್ಯಾಳ, ಇನ್ನ ನಮ್ಮ ಸಂಗಟ ಮಾತಾಡ್ತಾಳೇನು?" ಎಂದು ಹೆಂಗಸರು ನಕ್ಕರು. ಹಿತ್ತಲಲ್ಲಿ ನನಗೊಬ್ಬಳಿಗೆ ಸೆರಗು ಸರಿಸಿ ತೋರಿಸಿದಳು.

"ಯಾರ ಮುಂದೂ ಅನಬ್ಯಾಡ ತಂಗಿ. ಗುರಮ್ಮನ ಮ್ಯಾಲ ನಾಕ ಅಕ್ಕಿಕಾಳು ಬೀಳ್ಲಿ, ಆಮ್ಯಾಲ ನಂದು ಏನರೆ ಆಗ್ಲಿ."

"ಡಾಕ್ಟರಿಗರೆ ತೋರಸ ಯಕ್ಕಾ."

"ದವಾಖಾನ್ಯಾಗ ಒಬ್ಬರ ಕಣ್ಣಿಗಿ ಬಿದ್ರ ಸಾಕು, ಸುದ್ದಿ ಕರಜಗಿ ಮುಟ್ಟತದ."

ಬಿಳಿ ಮುಚ್ಚಲು ಆಕೆ ಹುಡುಕಿಕೊಂಡ ದಾರಿ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಸುಟ್ಟು ಪುಡಿ ಮಾಡಿದ ಮಿಸ್ರಿಯಿಂದ ಹಲ್ಲುಜ್ಜುವ ಚಟ ಆಕೆಗೆ ಮೊದಲಿನಿಂದಲೂ ಇತ್ತು. ಈಗ ಅದನ್ನೇ ತುಟಿಗೆ ಮೆತ್ತತೊಡಗಿದಳು. ಬಿಳಿ ಕಪ್ಪಾಯಿತು, ಉರಿಯೂ ಅಡಗಿತು. ಆದರೆ ಸೀಳಿನ ಅಡಿಯಲ್ಲಿ ಹುಣಸೆಬೀಜದಂಥ ಒಂದು ಗಟ್ಟಿ ಗಂಟು ಬೆಳೆಯಿತು. ಒಮ್ಮೆ ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟಳು. "ನೋವಿಲ್ಲ ನೋಡು" ಎಂದು ತಾನೇ ನನಗೆ ಸಮಾಧಾನ ಹೇಳಿದಳು. ನೋವಿಲ್ಲ ಎಂದದ್ದಕ್ಕೇ ನನಗೆ ಹೆಚ್ಚು ಅಂಜಿಕೆಯಾಯಿತು.

ಲಗ್ನವಾಯಿತು. ಮಗಳ ಲಗ್ನದೂಟದಲ್ಲಿ ಆಕೆ ಒಂದು ತುತ್ತೂ ತಿನ್ನಲಿಲ್ಲ. ತಿನ್ನಬೇಕೆಂದರೆ ಸೆರಗು ತೆಗೆಯಬೇಕಿತ್ತು. ಗುರಮ್ಮ ಗಂಡನ ಮನೆ ಸೇರಿದ ಮೇಲೆ ಚಂದಮ್ಮ, ಆಕೆಯ ಗಂಡ ದತ್ತಪ್ಪ, ನಾನು ಮೂವರೂ ಆಳಂದದ ದವಾಖಾನೆಗೆ ಹೋದೆವು.

ಡಾಕ್ಟರು ಒದ್ದೆ ಹತ್ತಿಯಿಂದ ಕಪ್ಪನ್ನು ಒರೆಸಿದರು. ತುಟಿ ಒತ್ತಿ ನೋಡಿದರು, ಗದ್ದದ ಕೆಳಗೆ ಮುಟ್ಟಿದರು, ಕುತ್ತಿಗೆ ಮುಟ್ಟಿದರು. ಅಲ್ಲಿ ಅವರ ಕೈ ನಿಂತುಬಿಟ್ಟಿತು.

"ತೊನ್ನೇನ್ರಿ ಸಾಹೇಬರ?" ಎಂದಳು ಚಂದಮ್ಮ.

"ತೊನ್ನಲ್ಲಮ್ಮ. ತೊನ್ನಿದ್ದರ ಚಲೋ ಇತ್ತು. ಇದು ಕ್ಯಾನ್ಸರ್ ಇದ್ದಂಗ ಕಾಣ್ತದ, ಕುತ್ತಿಗಿಗೂ ಇಳದದ. ಇಷ್ಟ ದಿನ ಏನ್ ಮಾಡಾಕತ್ತಿದ್ರಿ? ನಾಳೀನೇ ಸೊಲ್ಲಾಪುರಕ್ಕ ಹೋಗ್ರಿ."

ದತ್ತಪ್ಪ ಗೋಡೆ ಹಿಡಿದು ಕೆಳಗೆ ಕೂತ.

"ಇದು ಮಗಳಿಗಿ ಹತ್ತತದೇನ್ರಿ?" ಎಂದು ಚಂದಮ್ಮ ಕೇಳಿದಳು.

"ಇಲ್ಲಮ್ಮ, ಇದು ಒಬ್ಬರಿಂದ ಒಬ್ಬರಿಗಿ ಹತ್ತಂಗಿಲ್ಲ."

ಆಕೆ ಡಾಕ್ಟರಿಗೆ ಬಗ್ಗಿ ಕೈ ಮುಗಿದಳು. ಬಸ್ ಸ್ಟ್ಯಾಂಡಿನಲ್ಲಿ ಪೇಢೆ ಕೊಂಡು ನಮ್ಮಿಬ್ಬರ ಕೈಯಲ್ಲೂ ಇಟ್ಟಳು. ನಾನು ಅದನ್ನು ಬಾಯಿಗೆ ಹಾಕಲಾರದೆ ಹಿಡಿದುಕೊಂಡೇ ಬಸ್ಸು ಹತ್ತಿದೆ. ಎದುರು ಸೀಟಿನ ಹೆಂಗಸೊಬ್ಬಳು ಚಂದಮ್ಮನ ತುಟಿ ನೋಡಿ ತನ್ನ ಕೂಸನ್ನು ಹತ್ತಿರ ಎಳೆದುಕೊಂಡಳು.

"ಅಂಜಬ್ಯಾಡ್ರೆವ್ವಾ" ಎಂದಳು ಚಂದಮ್ಮ, ಇಡೀ ಬಸ್ಸಿಗೆ ಕೇಳುವಂತೆ. "ತೊನ್ನಲ್ಲ ಇದು, ಡಾಕ್ಟರೇ ಹೇಳ್ಯಾರ. ಬರೇ ಕ್ಯಾನ್ಸರ್ ಅದ."

ದತ್ತಪ್ಪ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದ.